ಒಳಗಿನ ಸುತ್ತು

ಗುಜರಿ ರಾಜೇಸಾಬ ತಂದಿಟ್ಟ ಪೆಟ್ಟಿಗೆ
ಸಾಗವಾನಿಯದು, ಮೂಲೆಗೆ ಹಿತ್ತಾಳಿ ಪಟ್ಟಿ.
ಹಾರ್ಮೋನಿಯಂ ಅಂದುಕೊಂಡೆ ಮೊದಲು.
"ಬೆಟಗೇರ್ಯಾಗ ಹಳೇ ದವಾಖಾನಿ ಕೆಡವಿದ್ರು, ಆಪಾ,
ತಾಮ್ರ ಎಷ್ಟು ಬೀಳ್ತದ ಬಿಚ್ಚಿ ನೋಡು.
ಸಂಜಿಗೆ ಬರ್ತೇನಿ."

ಹುಬ್ಬಳ್ಳಿಯ ಗಣೇಶಪೇಟೆಯ ಈ ಓಣಿಯಲ್ಲಿ
ಮೋಟಾರು ಸುತ್ತುವ ಹೆಂಗಸು ನಾನೊಬ್ಬಳೇ.
ಗಿರಣಿಯದು, ಬೋರಿನದು, ಕಬ್ಬಿನ ಹಾಲಿನ ಗಾಡಿಯದು,
ಸುಟ್ಟ ವಾರ್ನಿಶ್ ಮೂಸಿಯೇ ಹೇಳಬಲ್ಲೆ
ಎಷ್ಟು ತಾಸು ಒದ್ದಾಡಿ ಸತ್ತಿತೆಂದು.
ಇದರದು ಬೇರೆ ವಾಸನೆ:
ಮೇಣ, ಮುಗ್ಗಲು ಕಾಗದ, ಕರ್ಪೂರವೂ ಏನೋ.

ಮುಚ್ಚಳದಡಿ ಎರಡು ಹಿತ್ತಾಳಿ ಹಿಡಿಕೆ,
ಮಕ್ಕಳಾಟದ ಲಟ್ಟಣಿಗೆಯಂಥವು,
ನಡುವೆ ಸವೆದು ತೆಳ್ಳಗೆ.
ಎಷ್ಟು ಮಂದಿ ಹಿಡಿದಿರಬೇಕು!
ಬಾಯಿ ಸೊಟ್ಟಾದವರು, ಕಾಲಿನ ಜೋಮು ಬಿಡದವರು,
ಹತ್ತಿ ಪ್ರೆಸ್ಸಿನಲ್ಲಿ ಅಂಡಿಗೆ ಮೈಮೇಲೆ ಬಿದ್ದು
ತೋಳು ಸತ್ತವರು.
ಪಕ್ಕದಲ್ಲೊಂದು ಪುಟ್ಟ ಕಬ್ಬಿಣದ ಸುತ್ತಿಗೆ,
ಎಳೆದರೆ ಕರೆಂಟು ಹರಿದು, ಬಿಟ್ಟರೆ ಕೂಡಿ,
ಝುಂಗುಡುತ್ತಿದ್ದಿರಬೇಕು,
ಅಜ್ಜ ಊರೂರು ತಿರುಗಿ
ಅರಳೆ ಎಕ್ಕುತ್ತಿದ್ದ ಬಿಲ್ಲಿನ ಹಾಗೆ.
ನದಾಫರ ಮನೆಗೆ ತಂತಿಯ ದನಿ ಹೊಸದಲ್ಲ.

ಮೇಲಿನ ಪದರ ಬಿಚ್ಚಿದೆ, ಎಣಿಸುತ್ತ.
ಕೂದಲೆಳೆಯ ತಾಮ್ರ, ಅದಕ್ಕೆ ರೇಷ್ಮೆಯ ಅಂಗಿ.
ಅಂಗಿಯ ಬಣ್ಣ ಮಾವಿನಹಣ್ಣು, ಅಲ್ಲಲ್ಲಿ ಕೆಂಪು.
ಅರೆ, ಸೀರೆಯ ಸೆರಗಿಗಾಗಿ ಉಳಿದ ಎಳೆ!
ಕೆಳಗೆ ಮೇಣ ಕುಡಿದು ಗಾಜಿನಂತಾದ ಕಾಗದ,
ಅದರಾಚೆ ಮಂಜು ಮಂಜು,
ಪರದೇಶದ ಬಿಳಿ ರೇಷ್ಮೆ.
ಕಾಗದದ ಮೇಲೆ ಪೆನ್ಸಿಲ್ಲಿನ ಅಕ್ಷರ.
ಟ್ಯೂಬಲೈಟಿಗೆ ಹಿಡಿದೆ:

"ಲಡಾಯಿ ನಡದೈತಿ. ಹೊಸಾದು ಹಡಗದಾಗ
ಬರಾಂಗಿಲ್ಲ ಅಂದ್ರು ಡಾಕ್ಟರಬಾಯಿ.
ಬಂಗಾರದ ಕಂಬಿ ಎಳಿಯೋ ಅಚ್ಚಿನಾಗ ತಾಮ್ರ ಎಳದೇನಿ.
ರೇಷ್ಮಿ ತೊಡಿಸಿದಾಕಿ ಮಗ್ಗದ ಮನಿ ಹಂಪವ್ವ.
ಮ್ಯಾಲಿನ ಪದರ ಅಷ್ಟ ಸುಟ್ಟಿತ್ತು.
ಆರುನೂರಾ ಹನ್ನೊಂದು ಸುತ್ತು ಹಾಕೇನಿ.
ಒಳಗಿಂದು ಪಾಡ ಐತಿ. ಬಿಚ್ಚಬ್ಯಾಡ್ರಿ.
ಮೌನೇಶಪ್ಪ ಪತ್ತಾರ."

ಬಿಚ್ಚಬ್ಯಾಡ್ರಿ.
ಬಿಚ್ಚಿದವರಷ್ಟೇ ಓದಬಹುದಾದ ಮಾತು.
ನಾನು ಇಷ್ಟು ಮೋಟಾರು ಸುತ್ತಿದೆ,
ಯಾವುದರ ಹೊಟ್ಟೆಯಲ್ಲೂ ಒಂದಕ್ಷರ ಬರೆದಿಡಲಿಲ್ಲ.
ನನ್ನ ಲೆಕ್ಕವೆಲ್ಲ ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ,
ಬೆಳಗಾದರೆ ಅರಿವೆಯಿಂದ ಒರೆಸುವಂಥದು.

ನಾನೆಣಿಸಿದ್ದು ಆರುನೂರಾ ಒಂಬತ್ತು.
ಎರಡು ಎಲ್ಲಿ ಹೋದವು?
ನಡುವೆ ಚಹಾದ ಹುಡುಗ ಬಂದಿದ್ದ, ಚಿಲ್ಲರೆ ಕೊಟ್ಟೆ.
ಅಥವಾ ಆವತ್ತು ಪತ್ತಾರನ ಅಂಗಡಿಗೂ
ಯಾರೋ ಮೂಗುತಿ ಬೆಸೆಸಲು ಬಂದಿರಬೇಕು.

ಬಿಚ್ಚಿದ್ದನ್ನು ಮತ್ತೆ ಸುತ್ತಿದೆ.
ಊಟದ ಹೊತ್ತು ಹೋಯಿತು.
ಟಾರ್ಚಿನ ಎರಡು ಸೆಲ್ಲು ಹಚ್ಚಿ,
ಸುತ್ತಿಗೆಯ ತಿರುಪು ಕಾಲುಸುತ್ತು ಸಡಿಲಿಸಿ
ಉಸಿರು ಹಿಡಿದೆ. ಏನಿಲ್ಲ.
ಉಗುರಿನಿಂದ ಒಮ್ಮೆ ತಟ್ಟಿದೆ.
ಝುಂ.

ಮೂವತ್ತೊಂದು ವರ್ಷ ತಂತಿ ಜಗ್ಗಿ ಜಗ್ಗಿ
ನನ್ನ ಬಲಗೈ ಹೆಬ್ಬೆರಳಿಗೆ ಬಿಸಿ ತಿಳಿಯದು.
ಹೆಂಚಿಗೆ ತಗುಲಿದರೆ ಮೂಗು ಬಂದು ಹೇಳಬೇಕು.
ಯಾರಿಗೂ ಹೇಳಿಲ್ಲ.
ಗಿರಾಕಿಗೆ ಗೊತ್ತಾಗುವ ಮಾತೇ ಅದು?
ಹಿಡಿಕೆ ಹಿಡಿದೆ, ಸವೆದ ಜಾಗದಲ್ಲೇ.
ಮುಂಗೈತನಕ ಇರುವೆ ಹರಿದವು.
ಹೆಬ್ಬೆರಳು, ನನ್ನನ್ನು ಕೇಳದೆ,
ಒಮ್ಮೆ ಮಡಿಚಿ ಬಿಚ್ಚಿತು.
ವಾಸಿಯಾಯಿತೆಂದಲ್ಲ.
ಸೆಲ್ಲು ತೆಗೆದರೆ ಮತ್ತೆ ಅದೇ ಕಟ್ಟಿಗೆ.

ಸಂಜೆ ರಾಜೇಸಾಬ ತಕ್ಕಡಿ ತಂದ.
"ಎಷ್ಟು ಬಿತ್ತು?"
"ಆರುನೂರಾ ಒಂಬತ್ತು."
"ಗ್ರಾಮೋ?"
ಮೇಲುಕಾಗದ ಹೊದಿಸುವುದಷ್ಟೇ ಬಾಕಿಯಿತ್ತು.
ನಾನು ಪೆನ್ಸಿಲ್ ಹುಡುಕುತ್ತಿದ್ದೆ.